ಸುಂಟರಗಾಳಿಯ ರಾತ್ರಿ: ದೀಪ ಆರಿಸುವ ಮುನ್ನ ಮುಗಿಸಬೇಕಾದ ಕೆಲಸಗಳು

ಅಮೆರಿಕದ ಮಧ್ಯಭಾಗದಲ್ಲಿ ಅಥವಾ ಆಗ್ನೇಯದ ರಾಜ್ಯಗಳಲ್ಲಿ ಮನೆ ಮಾಡಿಕೊಂಡಿರುವವರಿಗೆ ವರ್ಷದಲ್ಲಿ ಕೆಲವು ಸಂಜೆಗಳಾದರೂ ಒಂದೇ ಬಗೆಯ ಸುದ್ದಿ ಕಿವಿಗೆ ಬೀಳುತ್ತದೆ: ಇಂದು ರಾತ್ರಿ ಸುಂಟರಗಾಳಿಯ ಸಂಭವವಿದೆ, ಎಚ್ಚರದಿಂದಿರಿ. ಆದರೆ ಮರುದಿನ ಕೆಲಸಕ್ಕೆ ಹೋಗಬೇಕಾದವರು, ಮಕ್ಕಳನ್ನು ಶಾಲೆಗೆ ಕಳಿಸಬೇಕಾದವರು ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು ಕೂರಲಾರರು. ಕೂತರೂ ಬೆಳಗಿನ ಜಾವದ ಹೊತ್ತಿಗೆ ತೂಕಡಿಸದೆ ಇರಲಾರರು. ಹಾಗಾಗಿ ಎಚ್ಚರದಿಂದಿರುವುದೆಂದರೆ ನಿದ್ದೆಗೆಡುವುದು ಎಂದು ನಾನು ಭಾವಿಸುವುದಿಲ್ಲ. ನಿಮ್ಮನ್ನು ತಪ್ಪದೆ ಎಬ್ಬಿಸುವ ವ್ಯವಸ್ಥೆಯೊಂದನ್ನು ಮಾಡಿಟ್ಟು, ಎದ್ದ ಮೇಲೆ ಯಾವುದನ್ನೂ ಯೋಚಿಸಬೇಕಾಗದಂತೆ ಎಲ್ಲವನ್ನೂ ಮೊದಲೇ ನಿರ್ಧರಿಸಿ, ಆಮೇಲೆ ಮಲಗುವುದೇ ನಿಜವಾದ ಎಚ್ಚರ. ಈ ಲೇಖನದ ಉದ್ದಕ್ಕೂ ಹೇಳಹೊರಟಿರುವುದು ಇದನ್ನೇ.

ಅಮೆರಿಕದ ಹಲವು ದಶಕಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಹಗಲಿನ ಸುಂಟರಗಾಳಿಗಿಂತ ರಾತ್ರಿಯ ಸುಂಟರಗಾಳಿಯಿಂದ ಸಾವು ಸಂಭವಿಸುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂಬುದನ್ನು ಕಂಡುಕೊಂಡಿದ್ದಾರೆ. ರಾತ್ರಿಯ ಗಾಳಿಗೆ ಬಲ ಹೆಚ್ಚೆಂಬುದು ಇದಕ್ಕೆ ಕಾರಣವಲ್ಲ. ಜನ ಮಲಗಿರುತ್ತಾರೆ, ಎಚ್ಚರಿಕೆ ಅವರನ್ನು ಮುಟ್ಟುವುದಿಲ್ಲ, ಮುಟ್ಟಿದರೂ ಕತ್ತಲಲ್ಲಿ ಬರುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. 2005ರ ನವೆಂಬರ್ 6ರ ನಸುಕಿನಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್ ಬಳಿ ಬೀಸಿದ ಸುಂಟರಗಾಳಿಯಲ್ಲಿ ಸತ್ತ ಇಪ್ಪತ್ತೈದು ಮಂದಿಯಲ್ಲಿ ಹೆಚ್ಚಿನವರು ಒಂದೇ ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ತಯಾರಾಗಿ, ತಂದು ನಿಲ್ಲಿಸುವ ಹಗುರ ಮನೆ) ಬಡಾವಣೆಯಲ್ಲಿ ನಿದ್ರಿಸುತ್ತಿದ್ದವರು. 2020ರ ಮಾರ್ಚ್ 3ರಂದು ಟೆನ್ನೆಸಿಯ ಕುಕ್‌ವಿಲ್‌ನಲ್ಲಿ ಹತ್ತೊಂಬತ್ತು ಜನ ಸತ್ತಾಗಲೂ ಗಡಿಯಾರದಲ್ಲಿ ರಾತ್ರಿ ಎರಡು ಗಂಟೆಯ ಆಸುಪಾಸು. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಪಟ್ಟಣವನ್ನು ನೆಲಸಮ ಮಾಡಿದ ಸುಂಟರಗಾಳಿ ಸುಮಾರು 165 ಮೈಲಿ, ಎಂದರೆ 265 ಕಿಲೋಮೀಟರಿಗೂ ಹೆಚ್ಚು ದೂರ, ನೆಲ ಬಿಡದೆ ಸಾಗಿತು. ಡಿಸೆಂಬರ್ ತಿಂಗಳು, ಚಳಿಗಾಲ ಎಂಬ ಸಮಾಧಾನ ಅಲ್ಲಿ ಯಾರ ನೆರವಿಗೂ ಬರಲಿಲ್ಲ.

ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ ಬಿರುಗಾಳಿಯ ಮೋಡಗಳೂ ಸೊರಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಅನೇಕ ಕಡೆ ಹಾಗೆಯೇ ಆಗುತ್ತದೆ. ಆದರೆ ನೆಲದ ಹತ್ತಿರದ ಗಾಳಿ ತಂಪಾಗಿ ಶಾಂತವಾದಾಗ, ಅದರ ಮೇಲೆ ಕೆಲವು ನೂರು ಮೀಟರುಗಳಿಂದ ಒಂದು ಕಿಲೋಮೀಟರಿನಷ್ಟು ಎತ್ತರದಲ್ಲಿ ಹರಿಯುವ ಗಾಳಿಗೆ ನೆಲದ ಘರ್ಷಣೆಯ ತಡೆ ಇಲ್ಲವಾಗಿ, ಅದು ರಾತ್ರಿಯಲ್ಲಿ ಇನ್ನಷ್ಟು ವೇಗ ಪಡೆಯುತ್ತದೆ. ಈ ಗಾಳಿಯೇ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬೆಚ್ಚಗಿನ ತೇವವನ್ನು ಹೊತ್ತು ತರುತ್ತದೆ. ಕೆಳಗಿನ ಮತ್ತು ಮೇಲಿನ ಗಾಳಿಯ ವೇಗಕ್ಕೂ ದಿಕ್ಕಿಗೂ ನಡುವೆ ಏರ್ಪಡುವ ಈ ಅಂತರವೇ ಮೋಡವನ್ನು ತಿರುಗಿಸುವ ಶಕ್ತಿಯಾಗುತ್ತದೆ. ಮಿಸಿಸಿಪ್ಪಿ, ಅಲಬಾಮಾ, ಟೆನ್ನೆಸಿ, ಅರ್ಕನ್ಸಾ, ಕೆಂಟಕಿಗಳಲ್ಲಿ ರಾತ್ರಿಯ ಸುಂಟರಗಾಳಿಗಳು ಅಪರೂಪವಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಆ ಸೀಮೆಯ ಗುಡ್ಡ ಮತ್ತು ಮರಗಳ ನಡುವೆ ಹಗಲಿನಲ್ಲೇ ದೂರದ ನೋಟ ಸಿಗುವುದಿಲ್ಲ ಎಂದಮೇಲೆ ರಾತ್ರಿಯ ಮಾತು ಹೇಳಬೇಕಾಗಿಲ್ಲ.

ಮಧ್ಯಾಹ್ನ: ಮುನ್ಸೂಚನೆಯನ್ನು ಸರಿಯಾಗಿ ಓದುವುದು

ಒಕ್ಲಹೋಮಾದ ನಾರ್ಮನ್ ಪಟ್ಟಣದಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಪ್ರತಿದಿನ ಇಡೀ ದೇಶಕ್ಕೆ ಬಿರುಗಾಳಿಯ ಮುನ್ಸೂಚನೆಯನ್ನು ಹೊರಡಿಸುತ್ತದೆ. ಅದರಲ್ಲಿ ಐದು ಮಟ್ಟಗಳಿವೆ: ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್ ಮತ್ತು ಹೈ. ಹೆಸರುಗಳನ್ನು ನಂಬಿ ಮೋಸಹೋಗಬಾರದು. ಮಾಡರೇಟ್ ಎಂಬ ಪದ ಸಾಧಾರಣ ಎಂಬ ಅರ್ಥ ಕೊಡುವಂತೆ ಕಂಡರೂ ಅದು ಐದರಲ್ಲಿ ನಾಲ್ಕನೆಯ ಮಟ್ಟ, ವರ್ಷದಲ್ಲಿ ಕೆಲವೇ ದಿನಗಳು ಬರುವಂಥದ್ದು. ಸುಂಟರಗಾಳಿಯ ಸಂಭವವನ್ನು ಶೇಕಡಾವಾರಿನಲ್ಲಿ ತೋರಿಸುವ ನಕಾಶೆಯೂ ಅಲ್ಲಿಯೇ ಸಿಗುತ್ತದೆ. ಅದರಲ್ಲಿ ಶೇಕಡ 10 ಎಂದು ಕಂಡರೆ, ನೂರರಲ್ಲಿ ತೊಂಬತ್ತು ಪಾಲು ಏನೂ ಆಗದು ಎಂದು ಸುಮ್ಮನಾಗಬೇಡಿ. ಒಂದು ಸ್ಥಳದ ಸುತ್ತ 25 ಮೈಲಿಯೊಳಗೆ ಸುಂಟರಗಾಳಿ ಬೀಳುವ ಸಂಭವ ಅದು. ಯಾವುದೇ ಸಾಮಾನ್ಯ ದಿನ ಈ ಸಂಭವ ಬಹುತೇಕ ಸೊನ್ನೆಯೇ ಆಗಿರುವುದರಿಂದ ಶೇಕಡ 10 ಬಹಳ ದೊಡ್ಡ ಅಂಕಿ.

ಈ ನಕಾಶೆ ದಿನಕ್ಕೆ ಹಲವು ಬಾರಿ ಪರಿಷ್ಕಾರವಾಗುತ್ತದೆ. ಬೆಳಿಗ್ಗೆ ಒಮ್ಮೆ ನೋಡಿ ಬಿಟ್ಟರೆ ಸಾಲದು. ಮಧ್ಯಾಹ್ನದ ಮೇಲೆ ಮತ್ತೊಮ್ಮೆ, ರಾತ್ರಿಯೂಟಕ್ಕೆ ಮೊದಲು ಇನ್ನೊಮ್ಮೆ ನೋಡಬೇಕು. ಇದರ ಜೊತೆಗೆ ನಿಮ್ಮ ಪ್ರದೇಶದ ನ್ಯಾಷನಲ್ ವೆದರ್ ಸರ್ವಿಸ್ (ಸರ್ಕಾರದ ಹವಾಮಾನ ಸಂಸ್ಥೆ) ಕಚೇರಿಯ ಬರಹವನ್ನು ಓದಿದರೆ, ಬಿರುಗಾಳಿ ನಿಮ್ಮ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶಕ್ಕೆ) ಸುಮಾರು ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಬರಬಹುದು ಎಂಬ ಅಂದಾಜು ದೊರೆಯುತ್ತದೆ. ಆ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ. ಹತ್ತು ಗಂಟೆಗೆ ಬರುವ ಬಿರುಗಾಳಿಗೂ ಮೂರು ಗಂಟೆಗೆ ಬರುವುದಕ್ಕೂ ಮನೆಯ ಸಿದ್ಧತೆ ಬೇರೆಯೇ ಆಗುತ್ತದೆ.

ವಾಚ್ ಮತ್ತು ವಾರ್ನಿಂಗ್ ಎಂಬ ಎರಡು ಪದಗಳ ನಡುವಿನ ವ್ಯತ್ಯಾಸ ಮನೆಯಲ್ಲಿ ಎಲ್ಲರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ತಿಳಿದಿರಬೇಕು. ಟೊರ್ನಾಡೊ ವಾಚ್ ಎಂದರೆ ಸುಂಟರಗಾಳಿ ಹುಟ್ಟಲು ಬೇಕಾದ ಸನ್ನಿವೇಶ ಒದಗಿದೆ ಎಂದರ್ಥ. ಹಲವು ಕೌಂಟಿಗಳಿಗೆ, ಹಲವು ಗಂಟೆಗಳ ಅವಧಿಗೆ ಅದನ್ನು ಹೊರಡಿಸುತ್ತಾರೆ. ಟೊರ್ನಾಡೊ ವಾರ್ನಿಂಗ್ ಎಂದರೆ ರೇಡಾರ್ ತೆರೆಯಲ್ಲಿ ಸುತ್ತುವಿಕೆ ಕಂಡಿದೆ, ಇಲ್ಲವೇ ಯಾರೋ ಕಣ್ಣಾರೆ ನೋಡಿದ್ದಾರೆ ಎಂದರ್ಥ. ಅದು ಚಿಕ್ಕ ಪ್ರದೇಶಕ್ಕೆ, ಒಂದು ಗಂಟೆಯೊಳಗಿನ ಅವಧಿಗೆ ಬರುತ್ತದೆ. ವಾಚ್ ಬಂದಾಗ ಸಿದ್ಧತೆಯನ್ನು ಮುಗಿಸಬೇಕು, ವಾರ್ನಿಂಗ್ ಬಂದಾಗ ಹೊರಡಬೇಕು. ವಾರ್ನಿಂಗಿನಿಂದ ಹೊಡೆತದವರೆಗೆ ದೊರೆಯುವ ಸಮಯ ಸರಾಸರಿ ಹತ್ತು ನಿಮಿಷದ ಆಸುಪಾಸು. ಮಳೆಯ ಉದ್ದನೆಯ ಸಾಲಿನೊಳಗೆ ದಿಢೀರನೆ ಹುಟ್ಟುವ ಸುಂಟರಗಾಳಿಗಳ ವಿಷಯದಲ್ಲಿ ಅಷ್ಟೂ ಸಿಗದಿರಬಹುದು. ಹತ್ತು ನಿಮಿಷದಲ್ಲಿ ಗಾಢ ನಿದ್ದೆಯಿಂದ ಎದ್ದು, ಮಕ್ಕಳನ್ನು ಎಬ್ಬಿಸಿ, ಚಪ್ಪಲಿ ಹುಡುಕಿ, ಎಲ್ಲಿಗೆ ಹೋಗುವುದೆಂದು ಚರ್ಚಿಸಿ ಹೋಗುವುದು ಆಗುವ ಮಾತಲ್ಲ.

ಸಂಜೆ: ಎಬ್ಬಿಸುವ ವ್ಯವಸ್ಥೆ

ಊರಿನ ಸೈರನ್ ನಿಮ್ಮನ್ನು ಎಬ್ಬಿಸುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಸೈರನ್‌ಗಳು ಇರುವುದು ಹೊರಗೆ ಬಯಲಿನಲ್ಲಿರುವವರನ್ನು ಒಳಗೆ ಕಳಿಸಲಿಕ್ಕೆ. ಮುಚ್ಚಿದ ಕಿಟಕಿ, ತಿರುಗುವ ಫ್ಯಾನು, ಸುರಿಯುವ ಮಳೆ ಇವುಗಳ ನಡುವೆ ಮಲಗಿರುವವರಿಗೆ ಅದರ ದನಿ ಕೇಳಿಸುವ ಭರವಸೆ ಇಲ್ಲ.

ಎಚ್ಚರಿಸುವ ಸಾಧನಗಳು ಕನಿಷ್ಠ ಎರಡಿರಬೇಕು, ಮತ್ತು ಅವೆರಡೂ ಒಂದೇ ಕಾರಣಕ್ಕೆ ಕೈಕೊಡುವಂತಿರಬಾರದು. ಮೊದಲನೆಯದು ವೆದರ್ ರೇಡಿಯೊ. ಇದು 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಆವರ್ತನಗಳಲ್ಲಿ ಹಗಲಿರುಳೂ ಬರುವ ಸರ್ಕಾರಿ ಪ್ರಸಾರವನ್ನು ಹಿಡಿಯುತ್ತದೆ. ಇಂಟರ್ನೆಟ್ ಬೇಡ, ಮೊಬೈಲ್ ಟವರ್ ಬೇಡ, ಬ್ಯಾಟರಿ ಇದ್ದರೆ ಕರೆಂಟೂ ಬೇಡ. ನಿಮ್ಮ ಕೌಂಟಿಯ ಆರಂಕಿಯ ಸಂಕೇತವನ್ನು ಅದರಲ್ಲಿ ಒಮ್ಮೆ ತುಂಬಿಸಿದರೆ, ಆ ಕೌಂಟಿಗೆ ವಾರ್ನಿಂಗ್ ಬಂದ ಕ್ಷಣ ಮೌನವಾಗಿದ್ದ ಪೆಟ್ಟಿಗೆ ತಾನಾಗಿಯೇ ಕಿರುಚಿಕೊಳ್ಳುತ್ತದೆ. ಇವಾನ್ಸ್‌ವಿಲ್‌ನ ದುರಂತದ ನಂತರ ಇಂಡಿಯಾನಾ ರಾಜ್ಯ, ಹೊಸದಾಗಿ ನಿಲ್ಲಿಸುವ ಮೊಬೈಲ್ ಹೋಮ್‌ಗಳಲ್ಲಿ ಈ ರೇಡಿಯೊ ಇರಲೇಬೇಕೆಂದು ಕಾನೂನು ಮಾಡಿತು. ಸಂಕೇತ ತುಂಬಿಸುವಾಗ ನಿಮ್ಮ ಕೌಂಟಿಯ ಜೊತೆಗೆ ಅದರ ಪಶ್ಚಿಮಕ್ಕೂ ನೈಋತ್ಯಕ್ಕೂ ಇರುವ ಕೌಂಟಿಗಳನ್ನೂ ಸೇರಿಸಿಕೊಳ್ಳುವುದು ನನ್ನ ಅಭ್ಯಾಸ. ಈ ಬಿರುಗಾಳಿಗಳು ಸಾಮಾನ್ಯವಾಗಿ ಆ ದಿಕ್ಕಿನಿಂದಲೇ ಬರುವುದರಿಂದ ಒಂದಿಷ್ಟು ನಿಮಿಷ ಹೆಚ್ಚು ಸಿಗುತ್ತದೆ. ಅನವಶ್ಯಕವಾಗಿ ಒಂದೆರಡು ಸಲ ಎಚ್ಚರವಾಗುವುದು ಅದಕ್ಕೆ ತೆರಬೇಕಾದ ಬೆಲೆ, ಮತ್ತು ಅದು ನನಗೆ ಒಪ್ಪಿಗೆ. ಬ್ಯಾಟರಿ ಹಾಕಿ, ಗೋಡೆಯ ಪ್ಲಗ್ಗನ್ನು ಕಿತ್ತು, ರೇಡಿಯೊ ಇನ್ನೂ ಮಾತಾಡುತ್ತಿದೆಯೇ ಎಂದು ಸಂಜೆಯೇ ಪರೀಕ್ಷಿಸಿ. ಅದನ್ನು ಮಲಗುವ ಕೋಣೆಯಲ್ಲಿಡಿ, ಅಡುಗೆಮನೆಯಲ್ಲಲ್ಲ.

ಎರಡನೆಯದು ಕೈಯಲ್ಲಿರುವ ಫೋನು. 2012ರಿಂದ ಜಾರಿಯಲ್ಲಿರುವ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ ವ್ಯವಸ್ಥೆಯ ಮೂಲಕ ಟೊರ್ನಾಡೊ ವಾರ್ನಿಂಗ್ ನೇರವಾಗಿ ಮೊಬೈಲ್ ಟವರಿನಿಂದ ಬರುತ್ತದೆ. ಆದರೆ ವಾಚ್ ಹೀಗೆ ಬರುವುದಿಲ್ಲ. ಫೋನು ಸುಮ್ಮನಿದೆ, ಆದ್ದರಿಂದ ವಾಚ್ ಇಲ್ಲ ಎಂದು ಎಣಿಸಬಾರದು. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್‌ಗಳು ಚಾಲೂ ಇವೆಯೇ ಎಂದು ನೋಡಿ. ಹಿಂದೆ ಎಂದೋ ಒಂದು ರಾತ್ರಿ ಅದರ ಸದ್ದಿಗೆ ಬೇಸತ್ತು ನೀವೇ ನಿಲ್ಲಿಸಿರಬಹುದು. ಏರ್‌ಪ್ಲೇನ್ ಮೋಡಿನಲ್ಲಿಟ್ಟ ಫೋನಿಗೆ ಯಾವ ಎಚ್ಚರಿಕೆಯೂ ತಲುಪುವುದಿಲ್ಲ. ಊರಿನಿಂದ ತಂದೆತಾಯಿ ಬಂದು ಉಳಿದುಕೊಂಡಿದ್ದರೆ ಅವರ ಕೈಯಲ್ಲಿರುವುದು ಸಾಮಾನ್ಯವಾಗಿ ಸಿಮ್ ಇಲ್ಲದೆ ವೈಫೈ ಮೇಲೆಯೇ ನಡೆಯುವ ಹಳೆಯ ಫೋನು, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬಂದರೂ ಆ ಎಚ್ಚರಿಕೆ ಅವರಿಗೆ ಪರಿಚಯವಿಲ್ಲದ ಸದ್ದು, ಪರಿಚಯವಿಲ್ಲದ ಭಾಷೆ. ಅವರನ್ನು ಎಬ್ಬಿಸುವ ಹೊಣೆ ಮನೆಯಲ್ಲಿ ಯಾರದು ಎಂಬುದನ್ನು ಹೆಸರು ಹಿಡಿದು ಗೊತ್ತುಮಾಡಿ.

ಫೋನುಗಳನ್ನೂ ಪವರ್ ಬ್ಯಾಂಕನ್ನೂ ಸಂಜೆಯೇ ಪೂರ್ತಿ ಚಾರ್ಜ್ ಮಾಡಿಬಿಡಿ. ಬಿರುಗಾಳಿ ಹತ್ತಿರವಾದಾಗ ಮೊದಲು ಹೋಗುವುದೇ ಕರೆಂಟು.

ಎಲ್ಲಿಗೆ ಹೋಗುವುದು

ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಸಿದ್ಧತೆ ಇದರ ಮೇಲೆ ನಿಂತಿದೆ. ನಿಯಮ ಸರಳ: ಅತ್ಯಂತ ಕೆಳಗಿನ ಅಂತಸ್ತು, ಕಟ್ಟಡದ ನಟ್ಟನಡು, ಕಿಟಕಿಯಿಲ್ಲದ ಸಣ್ಣ ಕೋಣೆ, ನಿಮಗೂ ಹೊರಗಿನ ಗಾಳಿಗೂ ನಡುವೆ ಎಷ್ಟು ಸಾಧ್ಯವೋ ಅಷ್ಟು ಗೋಡೆಗಳು. ಬೇಸ್‌ಮೆಂಟ್ ಇದ್ದರೆ ಅಲ್ಲಿ ಗಟ್ಟಿಯಾದ ಮೇಜಿನ ಕೆಳಗೆ ಅಥವಾ ಮೆಟ್ಟಿಲಿನ ಅಡಿಯಲ್ಲಿ ಸೇರಿಕೊಳ್ಳಬೇಕು. ಮೇಲಿನ ಅಂತಸ್ತಿನಲ್ಲಿ ಫ್ರಿಜ್ಜು, ಪಿಯಾನೊ, ನೀರು ತುಂಬಿದ ದೊಡ್ಡ ಮೀನಿನ ತೊಟ್ಟಿ ಎಲ್ಲಿವೆ ಎಂದು ನೆನಪಿಸಿಕೊಂಡು ಅವುಗಳ ನೇರ ಕೆಳಗಿನ ಜಾಗವನ್ನು ಬಿಡಬೇಕು. ಬೇಸ್‌ಮೆಂಟಿನ ನೈಋತ್ಯ ಮೂಲೆಯೇ ಸುರಕ್ಷಿತ ಎಂಬ ಹಳೆಯ ಮಾತು ಇನ್ನೂ ಕೇಳಿಬರುತ್ತದೆ, ಅದಕ್ಕೆ ಆಧಾರವಿಲ್ಲ. ಬೇಸ್‌ಮೆಂಟ್ ಇಲ್ಲದ ಮನೆಯಲ್ಲಿ ಮನೆಯ ನಡುವಿನ ಕ್ಲಾಸೆಟ್ (ಸಾಮಾನು ಇಡುವ ಸಣ್ಣ ಕೋಣೆ), ಹೊರಗೋಡೆಗೆ ತಾಗದ ಬಾತ್‌ರೂಮ್, ಮೆಟ್ಟಿಲಿನ ಅಡಿಯ ಗೂಡು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಗ್ಯಾರೇಜು ಬೇಡವೇ ಬೇಡ. ಅದರ ಅಗಲವಾದ ಬಾಗಿಲು ಗಾಳಿಗೆ ಮೊದಲು ಸೋಲುವ ಜಾಗಗಳಲ್ಲೊಂದು, ಅದು ಒಳಕ್ಕೆ ಮುರಿದರೆ ನುಗ್ಗಿದ ಗಾಳಿ ಚಾವಣಿಯನ್ನು ಒಳಗಿನಿಂದ ಎತ್ತುತ್ತದೆ. ಗಾಳಿಯ ಒತ್ತಡ ಸಮವಾಗಲೆಂದು ಕಿಟಕಿಗಳನ್ನು ತೆರೆದಿಡಬೇಕು ಎಂಬುದೂ ತಪ್ಪು ನಂಬಿಕೆಯೇ; ಕಿಟಕಿಗಳನ್ನು ಮುಚ್ಚಿ, ಒಳಗಿನ ಎಲ್ಲ ಬಾಗಿಲುಗಳನ್ನೂ ಹಾಕಿ.

ಅಪಾರ್ಟ್‌ಮೆಂಟಿನ ಎರಡನೆಯ ಅಥವಾ ಮೂರನೆಯ ಅಂತಸ್ತಿನಲ್ಲಿರುವವರು ಹಗಲಿನಲ್ಲಿಯೇ ಕೆಳಗಿನ ಮನೆಯವರ ಬಾಗಿಲು ತಟ್ಟಿ, ರಾತ್ರಿ ವಾರ್ನಿಂಗ್ ಬಂದರೆ ನಿಮ್ಮ ಮನೆಗೆ ಬರಬಹುದೇ ಎಂದು ಕೇಳಿಬಿಡುವುದು ಒಳ್ಳೆಯದು. ಸಂಕೋಚಪಡುವ ವಿಷಯವಲ್ಲ ಇದು. ಬಿರುಗಾಳಿಯ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾರೂ ಇಂಥ ಕೋರಿಕೆಯನ್ನು ವಿಚಿತ್ರವೆಂದು ಎಣಿಸಿದ್ದನ್ನು ನಾನು ಕಂಡಿಲ್ಲ. ಎತ್ತರದ ಕಟ್ಟಡದಲ್ಲಿ ಕೆಳಗೆ ಇಳಿಯಲು ಸಮಯವಿಲ್ಲದಿದ್ದರೆ ಕಟ್ಟಡದೊಳಗಿನ ನಡುವಿನ ಕಾರಿಡಾರ್ ಅಥವಾ ಒಳಭಾಗದ ಮೆಟ್ಟಿಲಸಾಲು ನೆರವಾಗುತ್ತದೆ; ಲಿಫ್ಟ್ ಬಳಸಕೂಡದು.

ಮೊಬೈಲ್ ಹೋಮ್‌ನಲ್ಲಿ ವಾಸಿಸುವವರ ವಿಷಯದಲ್ಲಿ ಮಾತು ಬೇರೆ, ಮತ್ತು ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಆ ಮನೆಯೊಳಗೆ ಸುರಕ್ಷಿತವಾದ ಕೋಣೆ ಎಂಬುದೇ ಇಲ್ಲ. ಇಡೀ ಮನೆಯೇ ಮಗುಚಿ ಉರುಳುವಾಗ ಒಳಗಿನ ಬಾತ್‌ರೂಮೂ ಅದರೊಡನೆ ಉರುಳುತ್ತದೆ. ಗಟ್ಟಿ ಮನೆಗಳಿಗೆ ಸಣ್ಣಪುಟ್ಟ ಹಾನಿ ಮಾಡಿ ಹೋಗುವ ಗಾಳಿಯಲ್ಲೂ ಅಲ್ಲಿ ಜನ ಸಾಯುತ್ತಾರೆ. ವಾರ್ನಿಂಗ್ ಬಂದ ಮೇಲೆ ಹೊರಡುವುದೆಂದರೆ ಕತ್ತಲು, ಮಳೆ ಮತ್ತು ಆಲಿಕಲ್ಲಿನ ನಡುವೆ ಕಾರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಆದ್ದರಿಂದ ಇಂಥವರು ವಾಚ್ ಬಂದೊಡನೆ, ಅಥವಾ ಮುನ್ಸೂಚನೆ ಜೋರಾಗಿದ್ದರೆ ಅದಕ್ಕೂ ಮೊದಲೇ, ಬೆಳಕಿರುವಾಗಲೇ, ಗಟ್ಟಿ ಮನೆಯಿರುವ ಸ್ನೇಹಿತರಲ್ಲಿಗೋ ಊರಿನ ಸ್ಟಾರ್ಮ್ ಶೆಲ್ಟರಿಗೋ ಹೋಗಿ ರಾತ್ರಿ ಅಲ್ಲಿಯೇ ಮಲಗಬೇಕು. ಶೆಲ್ಟರ್ ಎಷ್ಟು ಗಂಟೆಗೆ ತೆರೆಯುತ್ತದೆ, ಸಾಕುಪ್ರಾಣಿಗಳನ್ನು ಒಳಗೆ ಬಿಡುತ್ತಾರೆಯೇ ಎಂಬುದನ್ನು ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಗಟ್ಟಿ ಮನೆಯಿರುವ ಓದುಗರೇ, ಅಂಥ ಪರಿಚಿತರು ನಿಮಗಿದ್ದರೆ ಅವರು ಕೇಳುವವರೆಗೆ ಕಾಯದೆ ನೀವೇ ಕರೆಯಿರಿ.

ಮನೆಯಲ್ಲಿ ಸೇಫ್ ರೂಮ್, ಎಂದರೆ ಸುಂಟರಗಾಳಿಯನ್ನು ತಡೆಯಬಲ್ಲ ಗಟ್ಟಿ ಕೋಣೆ, ಕಟ್ಟಿಸುವ ಅನುಕೂಲವುಳ್ಳವರು ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ ಮಾನದಂಡಕ್ಕೆ ತಕ್ಕಂತೆ ಕಟ್ಟಿಸಬೇಕು. ಅತಿ ಅಪಾಯದ ಪ್ರದೇಶಗಳಲ್ಲಿ ಅದು ಗಂಟೆಗೆ 250 ಮೈಲಿ ವೇಗದ ಗಾಳಿಯನ್ನೂ, ಗಂಟೆಗೆ 100 ಮೈಲಿ ವೇಗದಲ್ಲಿ ಬಂದು ಬಡಿಯುವ 15 ಪೌಂಡಿನ ಮರದ ತೊಲೆಯನ್ನೂ ತಡೆಯಬೇಕೆಂದು ನಿಯಮವಿದೆ. ಇದು ಇಂದಿನ ರಾತ್ರಿಗೆ ಆಗುವ ಕೆಲಸವಲ್ಲ. ಮುಂದಿನ ವರ್ಷಕ್ಕೆ ಯೋಚಿಸಿ.

ಆರಿಸಿದ ಜಾಗವನ್ನು ಅಣಿಗೊಳಿಸುವುದು

ನಮ್ಮ ಮನೆಯಲ್ಲಿ ಮೆಟ್ಟಿಲಿನ ಅಡಿಯ ಕ್ಲಾಸೆಟ್ಟೇ ಸುರಕ್ಷಿತ ಜಾಗ ಎಂದು ಬಹಳ ಹಿಂದೆಯೇ ತೀರ್ಮಾನವಾಗಿತ್ತು. ಒಂದು ಏಪ್ರಿಲ್ ರಾತ್ರಿ ಒಂದೂವರೆಗೆ ಫೋನುಗಳು ಒಮ್ಮೆಗೇ ಕೂಗಿಕೊಂಡಾಗ ನಾವೆಲ್ಲ ಅಲ್ಲಿಗೆ ಓಡಿದೆವು. ಬಾಗಿಲು ತೆರೆದರೆ ಒಳಗೆ ನೆಲದಿಂದ ಚಾವಣಿಯವರೆಗೆ ಸೂಟ್‌ಕೇಸುಗಳು. ಭಾರತಕ್ಕೆ ಹೋಗಿಬಂದ ಪ್ರತಿ ಸಲ ಒಂದೊಂದನ್ನು ಅಲ್ಲಿ ತುರುಕಿದ್ದೆವು. ನಾನು ಒಂದೊಂದಾಗಿ ಎಳೆದು ಮನೆಯೊಳಗಿನ ಓಣಿಗೆ ಎಸೆಯುತ್ತಿದ್ದರೆ, ಅವೇ ಸೂಟ್‌ಕೇಸುಗಳು ಓಣಿಯನ್ನು ಕಟ್ಟಿ, ಮಂಡಿನೋವಿನ ನಮ್ಮ ಮಾವನವರು ಆಚೆ ಬದಿಯಲ್ಲಿ ಬರಿಗಾಲಿನಲ್ಲಿ ಗೋಡೆ ಹಿಡಿದು ನಿಂತಿದ್ದರು. ಆ ರಾತ್ರಿ ಸುಂಟರಗಾಳಿ ನಮ್ಮ ಬಡಾವಣೆಯತ್ತ ಬರಲಿಲ್ಲ. ಬಂದಿದ್ದರೆ ಅವರು ಎಲ್ಲಿ ನಿಂತಿರುತ್ತಿದ್ದರು ಎಂಬ ಚಿತ್ರ ಮಾತ್ರ ನನ್ನ ಕಣ್ಣಿನಿಂದ ಇನ್ನೂ ಮಾಸಿಲ್ಲ. ಅಂದಿನಿಂದ ಆ ಕ್ಲಾಸೆಟ್ಟಿನಲ್ಲಿ ಸಾಮಾನು ಇಡುವುದನ್ನು ಬಿಟ್ಟಿದ್ದೇವೆ.

ಆದ್ದರಿಂದ ಸಂಜೆ ಮಾಡಬೇಕಾದ ಕೆಲಸ ಆ ಜಾಗವನ್ನು ಖಾಲಿ ಮಾಡುವುದು, ಮತ್ತು ಮನೆಮಂದಿಯೆಲ್ಲ ನಿಜವಾಗಿ ಒಳಗೆ ಕೂತು ಬಾಗಿಲು ಹಾಕಿ ನೋಡುವುದು. ಜಾಗ ಸಾಕಾಗದಿದ್ದರೆ ಅದು ಈಗಲೇ ಗೊತ್ತಾಗಲಿ. ಅನಂತರ ಕೆಳಗಿನವುಗಳನ್ನು ಅಲ್ಲಿ ತಂದಿಡಿ.

ಎಲ್ಲಕ್ಕಿಂತ ಮೊದಲು ಪ್ರತಿಯೊಬ್ಬರಿಗೂ ಗಟ್ಟಿ ಅಟ್ಟೆಯ ಒಂದು ಜೊತೆ ಶೂ. ಸುಂಟರಗಾಳಿ ಹಾದುಹೋದ ಮನೆಯ ನೆಲವೆಂದರೆ ಒಡೆದ ಗಾಜು ಮತ್ತು ಮೇಲ್ಮುಖವಾಗಿ ನಿಂತ ಮೊಳೆಗಳು; ಬರಿಗಾಲಿನವರು ಬದುಕಿ ಉಳಿದರೂ ಅಲ್ಲಿಂದ ಹೊರಗೆ ನಡೆದು ಬರಲಾರರು. ಎರಡನೆಯದು ತಲೆಗೆ ಹೆಲ್ಮೆಟ್. ಸೈಕಲ್ಲಿನದು, ಕ್ರಿಕೆಟ್ಟಿನದು, ಬೇಸ್‌ಬಾಲಿನದು, ಯಾವುದಾದರೂ ಆದೀತು. ಹಾರಿ ಬರುವ ವಸ್ತುಗಳಿಂದ ತಲೆಗೆ ಬೀಳುವ ಪೆಟ್ಟೇ ಸಾವಿನ ದೊಡ್ಡ ಕಾರಣಗಳಲ್ಲೊಂದು. ಹಸುಗೂಸನ್ನು ಕಾರಿನಲ್ಲಿ ಮಗುವಿಗೆಂದೇ ಇಡುವ ಪುಟ್ಟ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂರಿಸಿ, ಆ ಸೀಟನ್ನೇ ಒಳಗೆ ತೆಗೆದುಕೊಂಡು ಹೋಗುವುದು ಕೈಯಲ್ಲಿ ಎತ್ತಿಕೊಂಡಿರುವುದಕ್ಕಿಂತ ಸುರಕ್ಷಿತ. ಮೂರನೆಯದು ಪ್ರತಿಯೊಬ್ಬರ ಕುತ್ತಿಗೆಗೆ ಒಂದು ಸೀಟಿ: ಅವಶೇಷಗಳ ಅಡಿಯಲ್ಲಿ ಸಿಕ್ಕಿಕೊಂಡವರ ಗಂಟಲು ಬೇಗ ಸೋಲುತ್ತದೆ, ಸೀಟಿಯ ದನಿ ಮಾತ್ರ ದೂರ ಹೋಗುತ್ತದೆ. ಇವುಗಳ ಜೊತೆಗೆ ಟಾರ್ಚು, ಹೊದೆಯಲು ದಪ್ಪ ಕಂಬಳಿ ಅಥವಾ ಸಣ್ಣ ಹಾಸಿಗೆ, ಮನೆಮಂದಿಯ ಔಷಧಿ ಮತ್ತು ಕನ್ನಡಕ, ಪಾಸ್‌ಪೋರ್ಟು, ವೀಸಾ ಮತ್ತು ವಿಮೆಯ ಕಾಗದಗಳು ಒಂದು ನೀರು ಹೋಗದ ಚೀಲದಲ್ಲಿ, ಕಾರಿನ ಕೀಲಿ, ಕುಡಿಯುವ ನೀರು. ನೀರನ್ನು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಹತ್ತಿರ ಹತ್ತಿರ ನಾಲ್ಕು ಲೀಟರಿನಂತೆ ಮೂರು ದಿನಕ್ಕೆ ಕೂಡಿಡಬೇಕೆಂಬುದು ಸಾಮಾನ್ಯ ಸಲಹೆ. ಅಷ್ಟನ್ನೂ ಕ್ಲಾಸೆಟ್ಟಿನಲ್ಲೇ ಇಡಬೇಕಾಗಿಲ್ಲ. ಮೇಣದಬತ್ತಿಯನ್ನು ಹೊರಗಿಡಿ, ಗ್ಯಾಸ್ ಕೊಳವೆ ಬಿರುಕು ಬಿಟ್ಟ ಮನೆಯಲ್ಲಿ ಒಂದು ಸಣ್ಣ ಜ್ವಾಲೆ ಸಾಕು.

ಬಳಿಕ ಒಮ್ಮೆ ಅಭ್ಯಾಸ ಮಾಡಿ. ದೀಪಗಳನ್ನು ಆರಿಸಿ, ಎಲ್ಲರೂ ತಮ್ಮ ತಮ್ಮ ಹಾಸಿಗೆಯ ಮೇಲಿರುವಾಗ ಒಬ್ಬರು ಕೂಗಲಿ, ಇನ್ನೊಬ್ಬರು ಗಡಿಯಾರ ನೋಡಲಿ. ನಮ್ಮ ಮನೆಯಲ್ಲಿ ಮೊದಲ ಸಲ ಐದು ನಿಮಿಷವಾಯಿತು. ಮಾವನವರನ್ನು ಕೆಳಗಿನ ಕೋಣೆಯಲ್ಲಿ ಮಲಗಿಸಿದ ಮೇಲೆ ಎರಡು ನಿಮಿಷಕ್ಕೆ ಇಳಿಯಿತು. ಇಂಥ ರಾತ್ರಿಗಳಲ್ಲಿ ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕೆಳ ಅಂತಸ್ತಿನಲ್ಲಿ, ಸುರಕ್ಷಿತ ಜಾಗದ ಬಾಗಿಲ ಬಳಿಯಲ್ಲೇ ಮಲಗಿಸಿದರೆ ಅರ್ಧ ಕೆಲಸ ಮುಗಿದಂತೆ. ಮಕ್ಕಳಿಗೆ ಹೆದರಿಕೆ ಹುಟ್ಟಿಸಬಾರದೆಂದು ವಿಷಯವನ್ನೇ ಮುಚ್ಚಿಡುವವರಿದ್ದಾರೆ. ಸಂಜೆ ಆಟದಂತೆ ಒಮ್ಮೆ ಕೂತು ಬಂದ ಜಾಗಕ್ಕೆ ಮಗು ರಾತ್ರಿ ಅಳದೆ ಬರುತ್ತದೆ ಎಂಬುದನ್ನು ನಾನು ನೋಡಿಯೇ ಹೇಳುತ್ತಿದ್ದೇನೆ. ಬೆಕ್ಕು ನಾಯಿಗಳಿದ್ದರೆ ಮಲಗುವ ಮುನ್ನವೇ ಅವುಗಳ ಪಂಜರವನ್ನು ಹತ್ತಿರ ತಂದಿಡಿ. ಗುಡುಗಿಗೆ ಹೆದರಿ ಮಂಚದ ಕೆಳಗೆ ಸೇರಿದ ಬೆಕ್ಕನ್ನು ಹತ್ತು ನಿಮಿಷದಲ್ಲಿ ಹೊರಗೆಳೆಯಲಾಗುವುದಿಲ್ಲ.

ಮಲಗುವಾಗ ರಾತ್ರಿಯುಡುಗೆಯ ಬದಲು ಹೊರಗೆ ಹೋಗಬಹುದಾದ ಬಟ್ಟೆ ತೊಟ್ಟಿರುವುದು ಒಳ್ಳೆಯದು. ಮುನ್ಸೂಚನೆ ತೀರಾ ಗಂಭೀರವಾಗಿದ್ದರೆ ದೊಡ್ಡವರಲ್ಲಿ ಇಬ್ಬರು ಪಾಳಿಯ ಮೇಲೆ ಎಚ್ಚರವಿರಬಹುದು.

ವಾರ್ನಿಂಗ್ ಬಂದಾಗ

ಏಳಿ, ಎಬ್ಬಿಸಿ, ಹೋಗಿ. ವಾರ್ನಿಂಗ್ ನಿಜವೇ ಎಂದು ಕಿಟಕಿಯ ಪರದೆ ಸರಿಸಿ ನೋಡುವುದು, ಟಿವಿ ಹಾಕುವುದು, ಸ್ನೇಹಿತರಿಗೆ ಫೋನ್ ಮಾಡಿ ಕೇಳುವುದು ಇವೆಲ್ಲ ಮನುಷ್ಯ ಸಹಜ. ಬಹುತೇಕ ಜನ ಮಾಡುವುದೂ ಇದನ್ನೇ. ಆದರೆ ರಾತ್ರಿಯಲ್ಲಿ ನೋಡಲಿಕ್ಕೆ ಏನೂ ಇರುವುದಿಲ್ಲ. ಸುಂಟರಗಾಳಿ ಮಳೆಯ ಪರದೆಯೊಳಗೆ ಮುಚ್ಚಿಹೋಗಿರುತ್ತದೆ. ಮಿಂಚು ಬೆಳಗಿದಾಗ ಕ್ಷಣಮಾತ್ರ ಕಂಡರೆ ಉಂಟು, ಇಲ್ಲವಾದರೆ ದೂರದಲ್ಲಿ ವಿದ್ಯುತ್ ತಂತಿಗಳು ಹರಿದಾಗ ಏಳುವ ನೀಲಿ ಹಸಿರು ಬೆಳಕು ನೆಲದ ಮಟ್ಟದಲ್ಲಿ ಫಕ್ಕನೆ ಹೊಳೆಯಬಹುದು. ರೈಲು ಬಂದಂತೆ ಸದ್ದು ಕೇಳುತ್ತದೆ ಎನ್ನುತ್ತಾರೆ, ನಿಜ; ಆ ಸದ್ದು ಕಿವಿಗೆ ಬಿದ್ದ ಹೊತ್ತಿಗೆ ಅದು ಬಹಳ ಹತ್ತಿರ ಬಂದಿರುತ್ತದೆ. ಪರಿಶೀಲನೆಯನ್ನು ಒಳಗೆ ಕೂತ ಮೇಲೆ ಫೋನಿನಲ್ಲಿ ಮಾಡಿ. ವಾರ್ನಿಂಗಿನ ಪಠ್ಯದಲ್ಲಿ ಟೊರ್ನಾಡೊ ಎಮರ್ಜೆನ್ಸಿ ಎಂಬ ಪದಗಳಿದ್ದರೆ, ದೊಡ್ಡ ಸುಂಟರಗಾಳಿ ಖಚಿತವಾಗಿ ನೆಲದ ಮೇಲಿದೆ, ಜನವಸತಿಯತ್ತ ಬರುತ್ತಿದೆ ಎಂದು ತಿಳಿಯಬೇಕು.

ಒಳಗೆ ಮೊಣಕಾಲೂರಿ, ಮುಖ ನೆಲದತ್ತ, ಕೈಗಳು ಕುತ್ತಿಗೆಯ ಹಿಂಭಾಗವನ್ನು ಮುಚ್ಚುವಂತೆ ಬಾಗಿ, ಮೇಲೆ ಕಂಬಳಿಯನ್ನೋ ಹಾಸಿಗೆಯನ್ನೋ ಎಳೆದುಕೊಳ್ಳಿ. ಬಾತ್‌ರೂಮ್ ಆದರೆ ಟಬ್ಬಿನೊಳಗೆ ಮಲಗಿ ಮೇಲೆ ಹಾಸಿಗೆ ಹಾಕಿಕೊಳ್ಳಬಹುದು.

ಗಾಳಿ ಬರುತ್ತಿರುವಾಗ ಕಾರು ಹತ್ತಿ ಊರು ಬಿಡಲು ಹೊರಡಬೇಡಿ. ಈ ಬಿರುಗಾಳಿಗಳು ಗಂಟೆಗೆ 50 ಮೈಲಿಗೂ ಮೀರಿ ಓಡುವುದುಂಟು, ರಸ್ತೆಗೆ ಮರಗಳು ಬಿದ್ದಿರುತ್ತವೆ, ಯಾವ ದಿಕ್ಕಿಗೆ ಹೋಗುತ್ತಿದ್ದೀರಿ ಎಂಬುದೇ ತಿಳಿಯದು. ದಾರಿಯಲ್ಲೇ ಸಿಕ್ಕಿಕೊಂಡವರು ಹತ್ತಿರದ ಗಟ್ಟಿ ಕಟ್ಟಡವನ್ನು ಸೇರಬೇಕು. ಅದೂ ಸಾಧ್ಯವಿಲ್ಲದಿದ್ದರೆ ಕಾರಿನಲ್ಲೇ ಬೆಲ್ಟ್ ಕಟ್ಟಿಕೊಂಡು ಕಿಟಕಿಯ ಮಟ್ಟಕ್ಕಿಂತ ಕೆಳಗೆ ತಲೆ ತಗ್ಗಿಸಿ ಮುಚ್ಚಿಕೊಳ್ಳಬೇಕು, ಅಥವಾ ರಸ್ತೆಗಿಂತ ತಗ್ಗಾದ, ನೀರು ನುಗ್ಗದ ಜಾಗದಲ್ಲಿ ಬೋರಲು ಮಲಗಬೇಕು; ಎರಡೂ ಬೇರೆ ದಾರಿಯಿಲ್ಲದವರ ಕಡೆಯ ಆಯ್ಕೆಗಳು. ಹೆದ್ದಾರಿಯ ಮೇಲ್ಸೇತುವೆಯ ಅಡಿಯಲ್ಲಿ ಮಾತ್ರ ನಿಲ್ಲಬಾರದು. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಹಾಗೆ ಸೇತುವೆಗಳ ಅಡಿಯಲ್ಲಿ ಆಶ್ರಯ ಪಡೆದವರಲ್ಲಿ ಮೂವರು ಸತ್ತರು, ಹಲವರು ತೀವ್ರವಾಗಿ ಗಾಯಗೊಂಡರು. ಇಕ್ಕಟ್ಟಾದ ಆ ಜಾಗದಲ್ಲಿ ಗಾಳಿಯ ವೇಗ ಇನ್ನೂ ಹೆಚ್ಚುತ್ತದೆ.

ಗಾಳಿ ನಿಂತ ಮೇಲೆ

ಸದ್ದು ಅಡಗಿದ ಕೂಡಲೇ ಹೊರಗೆ ಬರಬೇಡಿ. ಒಂದರ ಹಿಂದೆ ಇನ್ನೊಂದು ಬಿರುಗಾಳಿ ಇರಬಹುದು. ನಿಮ್ಮ ವಾರ್ನಿಂಗಿನ ಅವಧಿ ಮುಗಿಯಿತೆಂದು, ಹಿಂದೆ ಮತ್ತೊಂದು ಇಲ್ಲವೆಂದು ರೇಡಿಯೊದಿಂದ ತಿಳಿದುಕೊಂಡೇ ಬಾಗಿಲು ತೆರೆಯಿರಿ.

ಮನೆಗೆ ಪೆಟ್ಟಾಗಿದ್ದರೆ ಮೊದಲು ಎಲ್ಲರ ಶೂ, ಆಮೇಲೆ ಎಲ್ಲರ ಗಾಯ. ಗ್ಯಾಸಿನ ವಾಸನೆ ಅಥವಾ ಬುಸ್ಸೆನ್ನುವ ಸದ್ದು ಬಂದರೆ ಯಾವ ಸ್ವಿಚ್ಚನ್ನೂ ಒತ್ತದೆ ಹೊರಗೆ ಬಂದು, ದೂರ ಹೋದ ಮೇಲೆ 911ಕ್ಕೆ ಕರೆ ಮಾಡಿ. ಕೆಳಗೆ ಬಿದ್ದಿರುವ ಪ್ರತಿಯೊಂದು ತಂತಿಯಲ್ಲೂ ವಿದ್ಯುತ್ ಹರಿಯುತ್ತಿದೆ ಎಂದೇ ತಿಳಿದು ಹತ್ತು ಮೀಟರಿಗೂ ಹೆಚ್ಚು ದೂರವಿರಿ. ಕತ್ತಲಲ್ಲಿ ನಿಂತ ನೀರಿನೊಳಗೆ ಕಾಲಿಡಬೇಡಿ, ತಂತಿ ಅಲ್ಲಿ ಮುಳುಗಿರಬಹುದು. ಜನರೇಟರ್ ಹಚ್ಚುವುದಾದರೆ ಮನೆಯ ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿ ಹಚ್ಚಿ. ಗ್ಯಾರೇಜಿನೊಳಗೆ ಹಚ್ಚಿದರೆ, ಬಾಗಿಲು ತೆರೆದಿದ್ದರೂ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಮನೆಯನ್ನು ತುಂಬುತ್ತದೆ, ಮತ್ತು ಬಿರುಗಾಳಿಯಲ್ಲಿ ಉಳಿದುಕೊಂಡವರು ಅದರ ನಂತರ ಹೀಗೆ ಸತ್ತಿರುವುದುಂಟು. ನೆರೆಯವರ ಹೆಸರು ಹಿಡಿದು ಕೂಗಿ, ನಡುನಡುವೆ ಎಲ್ಲರೂ ಸುಮ್ಮನಾಗಿ, ಸೀಟಿಯ ದನಿ ಬರುತ್ತಿದೆಯೇ ಎಂದು ಕಿವಿಗೊಡಿ.

ಅಮೆರಿಕದಲ್ಲಿ ನಡುರಾತ್ರಿಯಾದಾಗ ಭಾರತದಲ್ಲಿ ಹಗಲು. ಸುದ್ದಿ ಅಲ್ಲಿಯ ಟಿವಿಯಲ್ಲಿ ಬಂದು, ಮನೆಯವರು ಗಾಬರಿಯಿಂದ ಕರೆ ಮಾಡುತ್ತಾರೆ. ಉತ್ತರ ಸಿಗದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ. ಇಬ್ಬರು ಮೂವರಿಗೆ ಒಂದು ಸಾಲಿನ ಸಂದೇಶ ಕಳಿಸಿ, ಉಳಿದವರಿಗೆ ತಿಳಿಸುವ ಕೆಲಸವನ್ನು ಅವರಿಗೇ ಬಿಡಿ. ಟವರುಗಳು ಕಿಕ್ಕಿರಿದಿರುವಾಗ ಕರೆ ಹೋಗದಿದ್ದರೂ ಸಂದೇಶ ಹೋಗುವ ಸಂಭವ ಹೆಚ್ಚು, ಮತ್ತು ನಿಮ್ಮ ಬ್ಯಾಟರಿಯೂ ಉಳಿಯುತ್ತದೆ.

ಏನೂ ಆಗದೆ ರಾತ್ರಿ ಕಳೆಯುವುದೇ ಹೆಚ್ಚು. ಹಾಗಾದಾಗಲೂ ವಾಚ್ ಮುಗಿಯುವವರೆಗೆ ರೇಡಿಯೊವನ್ನು ಆರಿಸಬೇಡಿ, ಮಕ್ಕಳನ್ನು ಮೇಲಿನ ಕೋಣೆಗೆ ಕಳಿಸಬೇಡಿ. ಕರೆಂಟು ಹೋಗಿದ್ದರೆ ಫ್ರಿಜ್ಜಿನ ಬಾಗಿಲು ತೆರೆಯದೆ ನಾಲ್ಕು ಗಂಟೆಯವರೆಗೆ ಒಳಗಿನ ಆಹಾರ ಕೆಡದೆ ಇರುತ್ತದೆ, ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ. ಬೆಳಿಗ್ಗೆ ಹೊರಗೆ ಹೋಗಿ ಚಾವಣಿ, ಬೇಲಿ, ಮರಗಳನ್ನು ನೋಡಿ, ಹಾನಿಯಾಗಿದ್ದರೆ ಏನನ್ನೂ ಮುಟ್ಟುವ ಮೊದಲು ವಿಮೆಗಾಗಿ ಫೋಟೊ ತೆಗೆಯಿರಿ. ರೇಡಿಯೊಗೆ ಹೊಸ ಬ್ಯಾಟರಿ ಹಾಕಿ. ಶೂ, ಹೆಲ್ಮೆಟ್, ಸೀಟಿಗಳನ್ನು ಕ್ಲಾಸೆಟ್ಟಿನಿಂದ ತೆಗೆಯಬೇಡಿ. ಋತು ಇನ್ನೂ ಮುಗಿದಿಲ್ಲ.